ಏಳು ವೃತ್ತಗಳು ಮತ್ತು ಕೃತ್ತಿಕೆ: ನವಲಗುಂದ ಸೀಮೆಯ ಜೋಳದ ಹೊಲದಲ್ಲಿ ಓದಲಾದ ಆಕಾಶ ಸಂದೇಶದ ಪ್ರಕರಣ ಅಧ್ಯಯನ

ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣೆಹಳ್ಳದಿಂದ ಹೆಚ್ಚು ದೂರವಿಲ್ಲದ ಒಂದು ಎರೆಹೊಲದಲ್ಲಿ, ಸಂಕ್ರಮಣದ ಹೊತ್ತಿಗೆ ಹಿಂಗಾರಿ ಬಿಳಿಜೋಳ ಏಳು ಕಡೆ ದುಂಡಾಗಿ ನೆಲಕ್ಕೊರಗಿತು. ಸುತ್ತಲಿನ ಜೋಳ ಆಳೆತ್ತರಕ್ಕೆ ನಿಂತೇ ಇತ್ತು. ತೆನೆಯಲ್ಲಿ ಹಾಲು ತುಂಬಿ ಕಾಳು ಗಟ್ಟಿಯಾಗುತ್ತಿದ್ದ ಕಾಲವದು. ಬದುವಿನ ಮೇಲೆ ನಿಂತವರಿಗೆ ಅಲ್ಲೊಂದು ಇಲ್ಲೊಂದು ತಗ್ಗು ಕಾಣುತ್ತಿತ್ತೇ ಹೊರತು ಆಕಾರ ತಿಳಿಯುತ್ತಿರಲಿಲ್ಲ. ಮದುವೆಗಳ ಚಿತ್ರೀಕರಣ ಮಾಡುವ ಊರಿನ ಯುವಕನೊಬ್ಬ ಡ್ರೋನ್ ಹಾರಿಸಿ ಮೇಲಿನಿಂದ ಚಿತ್ರ ತೆಗೆದ ಮೇಲೆಯೇ ಅವು ವೃತ್ತಗಳೆಂಬುದು ಎಲ್ಲರಿಗೂ ಕಂಡಿತು. ಆ ಚಿತ್ರ ಕೆಲವೇ ದಿನಗಳಲ್ಲಿ ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ರೋಣದವರೆಗೆ ಮೊಬೈಲುಗಳಲ್ಲಿ ಹರಿದಾಡಿತು. ಅದರ ಜೊತೆಗೇ ಒಂದು ವ್ಯಾಖ್ಯಾನವೂ ಹರಿದಾಡಿತು: ಇದು ಇಂಗ್ಲೆಂಡಿನ ಗೋಧಿ ಹೊಲಗಳಲ್ಲಿ ಕಾಣುವ ಕ್ರಾಪ್ ಸರ್ಕಲ್ ಬಗೆಯದು, ಏಳು ವೃತ್ತಗಳು ಕೃತ್ತಿಕಾ ನಕ್ಷತ್ರಪುಂಜದ ನಕ್ಷೆ, ಅಲ್ಲಿಂದ ಬರಲಿರುವವರು ತಮ್ಮ ಆಗಮನದ ದಿನಾಂಕವನ್ನು ನಮ್ಮ ಹೊಲದಲ್ಲಿ ಬರೆದಿದ್ದಾರೆ.

ಈ ವ್ಯಾಖ್ಯಾನವನ್ನು ಬರೆದವರು ಹುಬ್ಬಳ್ಳಿಯ ನಿವೃತ್ತ ಶಿಕ್ಷಕರೊಬ್ಬರು. ಎಷ್ಟೋ ಮಕ್ಕಳಿಗೆ ತಮ್ಮ ಮನೆಯ ಮಾಳಿಗೆಯ ಮೇಲಿನಿಂದ ಶನಿಯ ಉಂಗುರ ತೋರಿಸಿದವರು, ಎಲ್ಲರೂ ಗುರುಗಳು ಎಂದೇ ಕರೆಯುವವರು. ಹೊಲದ ಯಜಮಾನರಿಗೂ ಅವರ ಮೇಲೆ ಗೌರವವಿತ್ತು. ಆದರೆ ಹಬ್ಬದ ರಜೆಯಲ್ಲಿ ವೃತ್ತ ನೋಡಲು ಬಂದ ಜನ ನಿಂತ ಜೋಳದ ನಡುವೆ ದಾರಿ ಮಾಡಿಕೊಂಡು ಓಡಾಡಿದ್ದರಿಂದ, ವೃತ್ತಗಳಲ್ಲಿ ಬಿದ್ದ ಬೆಳೆಗಿಂತ ಕಾಲ್ತುಳಿತಕ್ಕೆ ಬಿದ್ದ ಬೆಳೆಯೇ ಹೆಚ್ಚಾಯಿತು. ಹಾಗಾಗಿ ಯಜಮಾನರು, ಧಾರವಾಡದಲ್ಲಿ ಆಗಾಗ ಸೇರುವ ನಮ್ಮ ಆಕಾಶವೀಕ್ಷಣೆಯ ಸಣ್ಣ ಬಳಗವನ್ನು ಕರೆಸಿದರು. ಅವರ ಪ್ರಶ್ನೆ ನೇರವಾಗಿತ್ತು: "ಇದು ಏನಂತ ಹೇಳ್ರಿ ಸರ್ರ. ಸಂದೇಶ ಇದ್ರ ಓದ್ರಿ, ರೋಗ ಇದ್ರ ಔಷಧ ಹೇಳ್ರಿ. ಎರಡೂ ಅಲ್ಲಂದ್ರ ಈ ಮಂದೀನ್ನ ಹೊರಗ ಕಳಸ್ರಿ." ಪ್ರಕರಣವನ್ನು ಪರಿಶೀಲಿಸುವಾಗ ಗುರುಗಳನ್ನು ನಮ್ಮ ಜೊತೆಗೇ ಇರುವಂತೆ ಕೇಳಿಕೊಂಡೆವು, ಅವರು ಸಂತೋಷದಿಂದ ಒಪ್ಪಿದರು. ಅವರ ಬೆನ್ನ ಹಿಂದೆ ನಡೆಸಿದ ಪರೀಕ್ಷೆಗೆ ಬೆಲೆ ಇರುತ್ತಿರಲಿಲ್ಲ.

ಗುರುಗಳ ಓದು

ಅವರ ವಾದವನ್ನು ಅದರ ಪೂರ್ಣ ಬಲದಲ್ಲಿ ಹೇಳುವುದು ನ್ಯಾಯ. ವೃತ್ತಗಳು ಏಳು, ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಕಾಣುವ ನಕ್ಷತ್ರಗಳೂ ಆರೇಳು. ವೃತ್ತಗಳ ಗಾತ್ರ ಒಂದೇ ಅಲ್ಲ. ದೊಡ್ಡದು ಪುಂಜದ ಅತಿ ಪ್ರಕಾಶಮಾನ ನಕ್ಷತ್ರವಾದ ಆಲ್ಸಿಯೋನಿಗೆ ಸಲ್ಲುತ್ತದೆ. ದೊಡ್ಡ ವೃತ್ತದಿಂದ ಒಂದು ಕಿರಿದಾದ ಪಟ್ಟಿ ಹೊರಟಿದೆ, ಅಲ್ಲಿಯೂ ಜೋಳ ಒರಗಿದೆ. ಅದು ಕೃತ್ತಿಕೆ ಮೂಡುವ ದಿಕ್ಕನ್ನು ತೋರಿಸುತ್ತದೆ. ವೃತ್ತಗಳು ಕಾಣಿಸಿದ ಜನವರಿಯಲ್ಲಿ ಸಂಜೆ ಕೃತ್ತಿಕೆ ನಮ್ಮ ನೆತ್ತಿಯ ಹತ್ತಿರವೇ ಇರುತ್ತದೆ. ಕೊನೆಯದಾಗಿ, ಅದೇ ವೃತ್ತಗಳನ್ನು ಸೂರ್ಯನ ಸುತ್ತಲಿನ ಗ್ರಹಗಳ ಸ್ಥಾನಗಳೆಂದು ಇನ್ನೊಂದು ಬಗೆಯಲ್ಲಿ ಓದಿದರೆ ಮುಂಬರುವ ಒಂದು ದಿನಾಂಕ ದೊರೆಯುತ್ತದೆ.

ಇಷ್ಟು ಮಾತ್ರ ಹೇಳಿದ್ದರೆ ಅದನ್ನು ಕಾಕತಾಳೀಯವೆಂದು ಬಿಡಬಹುದಿತ್ತು. ಅವರು ಇಂಗ್ಲೆಂಡಿನ ಉದಾಹರಣೆಗಳನ್ನು ಕ್ರಮವಾಗಿ ಜೋಡಿಸಿ, ಅಲ್ಲಿ ಬರೆದ ಭಾಷೆಯೇ ಇಲ್ಲಿಯೂ ಇದೆ ಎಂದರು. ಇಡೀ ವಾದದ ತೂಕ ಆ ಉದಾಹರಣೆಗಳ ಮೇಲೆಯೇ ನಿಂತಿದ್ದರಿಂದ ಹೊಲಕ್ಕಿಳಿಯುವ ಮೊದಲು ಅವನ್ನು ಒಂದೊಂದಾಗಿ ನೋಡಿದೆವು.

ಇಂಗ್ಲೆಂಡಿನ ಹೊಲಗಳು ಏನು ಹೇಳಿದವು

ಮೊದಲನೆಯದು ಹ್ಯಾಂಪ್‌ಶೈರಿನ ಚಿಲ್ಬೋಲ್ಟನ್. 1974ರ ನವೆಂಬರ್ 16ರಂದು ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಫ್ರಾಂಕ್ ಡ್ರೇಕ್, ಕಾರ್ಲ್ ಸಾಗನ್ ಮೊದಲಾದವರು ರೂಪಿಸಿದ ಒಂದು ಸಂದೇಶವನ್ನು ಆಕಾಶಕ್ಕೆ ಕಳುಹಿಸಲಾಯಿತು. ಅದರಲ್ಲಿ ಇದ್ದದ್ದು 1679 ಬಿಟ್‌ಗಳು. ಆ ಸಂಖ್ಯೆ 23 ಮತ್ತು 73 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆದ್ದರಿಂದ ಸ್ವೀಕರಿಸಿದವರು ಅದನ್ನು ಒಂದು ಆಯತದಲ್ಲಿ ಜೋಡಿಸಿ ಚಿತ್ರವಾಗಿ ನೋಡಬಹುದಿತ್ತು. 2001ರ ಆಗಸ್ಟಿನಲ್ಲಿ ಚಿಲ್ಬೋಲ್ಟನ್ ವೀಕ್ಷಣಾಲಯದ ಪಕ್ಕದ ಹೊಲದಲ್ಲಿ ಅದೇ ವಿನ್ಯಾಸದ ಒಂದು ಆಯತ ಮೂಡಿತು. ಅದರಲ್ಲಿ ಕೆಲವು ಬದಲಾವಣೆಗಳಿದ್ದವು: ಜೀವಕ್ಕೆ ಬೇಕಾದ ಮೂಲವಸ್ತುಗಳ ಪಟ್ಟಿಯಲ್ಲಿ ಸಿಲಿಕಾನ್ ಸೇರಿತ್ತು, ಮನುಷ್ಯನ ಜಾಗದಲ್ಲಿ ದೊಡ್ಡ ತಲೆಯ ಆಕೃತಿ ಇತ್ತು, ಗ್ರಹಗಳ ಸಾಲು ಬೇರೆಯಾಗಿತ್ತು. ಗುರುಗಳು ಇದನ್ನು ಉತ್ತರವೆಂದು ಓದುತ್ತಾರೆ.

ಉತ್ತರವಾಗಿದ್ದರೆ ಅದಕ್ಕೆ ಸಮಯದ ಲೆಕ್ಕವೂ ಕೂಡಿಬರಬೇಕು. ಅರೆಸಿಬೊ ಸಂದೇಶ ಹೊರಟದ್ದು ಹರ್ಕ್ಯುಲಿಸ್ ತಾರಾಪುಂಜದಲ್ಲಿರುವ ಎಂ13 ಎಂಬ ಗೋಳಾಕಾರದ ನಕ್ಷತ್ರಗುಚ್ಛದ ಕಡೆಗೆ. ಅದು ಸುಮಾರು 25,000 ಜ್ಯೋತಿರ್ವರ್ಷ ದೂರದಲ್ಲಿದೆ, ಅಂದರೆ ಬೆಳಕಿನ ವೇಗದಲ್ಲಿ ಸಾಗುವ ರೇಡಿಯೊ ಅಲೆಗೂ ಅಲ್ಲಿಗೆ ತಲುಪಲು ಅಷ್ಟೇ ವರ್ಷ ಬೇಕು. 2001ರ ವೇಳೆಗೆ ಆ ರೇಡಿಯೊ ಅಲೆ ಕ್ರಮಿಸಿದ್ದು 27 ಜ್ಯೋತಿರ್ವರ್ಷಗಳಿಗೂ ಸ್ವಲ್ಪ ಕಡಿಮೆ. ಹೋಗಿ ಬರುವ ಎರಡೂ ಪಯಣಗಳಿಗೆ ಸಮಯ ಬೇಕಾದ್ದರಿಂದ ಉತ್ತರ ಬರೆದವರು ಹದಿಮೂರೂವರೆ ಜ್ಯೋತಿರ್ವರ್ಷದೊಳಗೇ ಇರಬೇಕು, ಅದೂ ಆ ಕಿರಿದಾದ ಕಿರಣದ ದಾರಿಯಲ್ಲೇ ಇರಬೇಕು. ನಮಗೆ ಹತ್ತಿರದ ನಕ್ಷತ್ರಗಳಲ್ಲಿ ಲುಬ್ಧಕ 8.6 ಜ್ಯೋತಿರ್ವರ್ಷ, ಟಾವ್ ಸೆಟಿ ಸುಮಾರು 12 ಜ್ಯೋತಿರ್ವರ್ಷ ದೂರದಲ್ಲಿವೆ. ಆದರೆ ಎರಡೂ ಆಕಾಶದ ಬೇರೆ ಭಾಗಗಳಲ್ಲಿವೆ. ಇನ್ನೂ ಒಂದು ಮಾತನ್ನು ಬಿಡಲಾಗದು. ಹೊಲದ ಬೇಲಿಯಾಚೆಗೆ 25 ಮೀಟರ್ ಅಗಲದ ರೇಡಿಯೊ ಬಟ್ಟಲು ಆಕಾಶಕ್ಕೆ ಮುಖಮಾಡಿ ನಿಂತಿತ್ತು. ರೇಡಿಯೊದಲ್ಲಿ ಕೇಳಿಸಿಕೊಂಡವರು ರೇಡಿಯೊದಲ್ಲೇ ಉತ್ತರಿಸದೆ ಪಕ್ಕದ ಬೆಳೆಯನ್ನು ಬಗ್ಗಿಸಿದ್ದೇಕೆ ಎಂಬ ಪ್ರಶ್ನೆಗೆ ಗುರುಗಳೂ ಸಮಾಧಾನವಾಗುವ ಉತ್ತರ ಕೊಡಲಿಲ್ಲ.

ಎರಡನೆಯದು ವಿಲ್ಟ್‌ಶೈರಿನ ಏವ್‌ಬರಿ ಮ್ಯಾನರ್ ಬಳಿ 2008ರ ಜುಲೈಯಲ್ಲಿ ಕಂಡದ್ದು. ನಮ್ಮ ಪ್ರಕರಣಕ್ಕೆ ಇದೇ ಅತಿ ಮುಖ್ಯವಾದುದು, ಏಕೆಂದರೆ ದಿನಾಂಕ ಓದುವ ವಿಧಾನವನ್ನು ಗುರುಗಳು ಇಲ್ಲಿಂದಲೇ ತೆಗೆದುಕೊಂಡಿದ್ದರು. ಅದರಲ್ಲಿ ಸೂರ್ಯನ ಸುತ್ತ ಗ್ರಹಗಳ ಕಕ್ಷೆಗಳು, ಪ್ಲೂಟೊದ್ದೂ ಸೇರಿ, ಇದ್ದವು. ಗ್ರಹಗಳ ಸ್ಥಾನಗಳು 2012ರ ಡಿಸೆಂಬರ್ 21ಕ್ಕೆ ಹೊಂದುತ್ತವೆಂದು ಓದಲಾಯಿತು. ಇಲ್ಲಿ ಒಂದು ಅಂಶವನ್ನು ಒಪ್ಪಲೇಬೇಕು. ಗ್ರಹಗಳ ಸ್ಥಾನದಿಂದ ದಿನಾಂಕ ಸೂಚಿಸುವುದು ಖಗೋಳಶಾಸ್ತ್ರದ ದೃಷ್ಟಿಯಿಂದ ಸರಿಯಾದ ವಿಧಾನವೇ. ಬುಧ 88 ದಿನಕ್ಕೆ, ಶುಕ್ರ 225 ದಿನಕ್ಕೆ, ಗುರು ಸುಮಾರು 12 ವರ್ಷಕ್ಕೆ, ಶನಿ ಸುಮಾರು 29 ವರ್ಷ ಆರು ತಿಂಗಳಿಗೆ ಒಂದು ಸುತ್ತು ಮುಗಿಸುವುದರಿಂದ, ಎಲ್ಲ ಗ್ರಹಗಳನ್ನೂ ನಿಖರವಾಗಿ ಗುರುತಿಸಿದ ನಕ್ಷೆ ಬಹು ದೀರ್ಘ ಕಾಲದವರೆಗೆ ಒಂದೇ ದಿನಕ್ಕೆ ಸಲ್ಲುತ್ತದೆ. ಆದರೆ 2008ರಲ್ಲಿ ಈ ನಕ್ಷೆಯನ್ನು ಯಾವ ಮನೆಯ ಕಂಪ್ಯೂಟರಿನಲ್ಲಾದರೂ ಉಚಿತ ತಂತ್ರಾಂಶದಿಂದ ಕ್ಷಣದಲ್ಲಿ ಪಡೆಯಬಹುದಿತ್ತು, ಮತ್ತು ಮಾಯಾ ಪಂಚಾಂಗದ ಚಕ್ರವೊಂದು ಮುಗಿಯುವ ಆ ದಿನದ ಬಗ್ಗೆ ಜಗತ್ತಿನಾದ್ಯಂತ ಮಾತು ಆಗಲೇ ನಡೆದಿತ್ತು. ಆ ದಿನ ಬಂತು, ಯಾವ ಅತಿಥಿಯೂ ಬರಲಿಲ್ಲ.

ಗ್ರಹಗಳ ಸಂಖ್ಯೆ ಕಡಿಮೆಯಾದಂತೆ ಈ ವಿಧಾನದ ಹಿಡಿತ ಹೇಗೆ ಸಡಿಲವಾಗುತ್ತದೆ ಎಂಬುದನ್ನು 1995ರ ಲಾಂಗ್‌ವುಡ್ ವಾರನ್ ಆಕೃತಿ ತೋರಿಸುತ್ತದೆ. ಅದರಲ್ಲಿ ಒಳಸೌರವ್ಯೂಹದ ಕಕ್ಷೆಗಳಿದ್ದವು, ಭೂಮಿಯ ಕಕ್ಷೆಯ ಮೇಲೆ ಭೂಮಿ ಮಾತ್ರ ಇರಲಿಲ್ಲ. ಉಳಿದದ್ದು ಬುಧ, ಶುಕ್ರ, ಮಂಗಳ. ಯಾವ ಕಡೆ ಸೊನ್ನೆ ಡಿಗ್ರಿ ಎಂಬ ಗುರುತಿಲ್ಲದಿದ್ದರೆ ನಮಗೆ ಸಿಗುವುದು ಎರಡು ಸಾಪೇಕ್ಷ ಕೋನಗಳು ಮಾತ್ರ. ಬಗ್ಗಿಸಿದ ಬೆಳೆಯಲ್ಲಿ ಅಳತೆ ಹಿಂದೆ ಮುಂದೆ ಐದು ಡಿಗ್ರಿ ತಪ್ಪಬಹುದೆಂದು ಬಿಟ್ಟರೆ, ಒಂದು ಕೋನ ಹೊಂದುವ ಸಾಧ್ಯತೆ 36ರಲ್ಲಿ ಒಂದು, ಎರಡೂ ಹೊಂದುವ ಸಾಧ್ಯತೆ 1296ರಲ್ಲಿ ಒಂದು. ಶತಮಾನದ 36,525 ದಿನಗಳಲ್ಲಿ ಸುಮಾರು 28 ದಿನಗಳು, ಬೇರೆ ಬೇರೆ ವರ್ಷಗಳಲ್ಲಿ ಚದುರಿಕೊಂಡು, ಆ ನಕ್ಷೆಗೆ ಹೊಂದುತ್ತವೆ. ಹಾಗಿರುವಾಗ ಓದುಗ ತನಗೆ ಅರ್ಥಪೂರ್ಣವೆನಿಸಿದ ದಿನವನ್ನು ಆರಿಸಿಕೊಳ್ಳುತ್ತಾನೆ. ಆ ಆಯ್ಕೆಯಲ್ಲಿ ಹೊಲದ ಪಾತ್ರವಿಲ್ಲ.

2002ರ ಕ್ರ್ಯಾಬ್‌ವುಡ್ ಆಕೃತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಅದರಲ್ಲಿ ಅನ್ಯಲೋಕದ ಜೀವಿಯೊಂದರ ಮುಖವೂ ಪಕ್ಕದಲ್ಲಿ ಒಂದು ದುಂಡು ತಟ್ಟೆಯೂ ಇದ್ದವು. ತಟ್ಟೆಯಲ್ಲಿದ್ದ ಬರಹ ಇಂಗ್ಲಿಷಿನಲ್ಲಿತ್ತು, ಮತ್ತು 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಕಂಪ್ಯೂಟರ್ ಸಂಕೇತದಲ್ಲಿತ್ತು.

ಮಾಡಿದವರ ಮಾತೂ ದಾಖಲಾಗಿದೆ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಗ್ ಬೋವರ್ ಮತ್ತು ಡೇವ್ ಚಾರ್ಲಿ ಎಂಬ ಇಬ್ಬರು ಹಿರಿಯರು, 1970ರ ದಶಕದಿಂದ ಹಲಗೆ ಮತ್ತು ಹಗ್ಗ ಹಿಡಿದು ರಾತ್ರಿ ಹೊಲಗಳಲ್ಲಿ ವೃತ್ತ ಬರೆಯುತ್ತಿದ್ದವರು ತಾವೇ ಎಂದು 1991ರ ಸೆಪ್ಟೆಂಬರಿನಲ್ಲಿ ಪತ್ರಿಕೆಯ ಮುಂದೆ ಬಂದು ಹೇಳಿದರು. 1966ರಲ್ಲಿ ಆಸ್ಟ್ರೇಲಿಯಾದ ಟಲ್ಲಿ ಎಂಬಲ್ಲಿ ಜೌಗಿನ ಆಪು ಹುಲ್ಲು ದುಂಡಗೆ ಒರಗಿ, ಹಾರುವ ತಟ್ಟೆ ಇಳಿದ ಗುರುತೆಂದು ಸುದ್ದಿಯಾದದ್ದೇ ಅವರಿಗೆ ಪ್ರೇರಣೆ. ಪತ್ರಕರ್ತರಿಗಾಗಿ ಅವರು ಮಾಡಿದ ಒಂದು ವೃತ್ತವನ್ನು, ಆವರೆಗೆ ಈ ವಿಷಯದ ಪ್ರಮುಖ ಸಂಶೋಧಕರೆನಿಸಿದ್ದ ಪ್ಯಾಟ್ ಡೆಲ್ಗಾಡೊ, ಮನುಷ್ಯರು ಮಾಡಿದ್ದಲ್ಲವೆಂದು ಪ್ರಮಾಣೀಕರಿಸಿದರು. ಸತ್ಯ ತಿಳಿದ ಮೇಲೆ ತಾವು ಮೋಸಹೋದದ್ದನ್ನು ಒಪ್ಪಿದರು. ಇನ್ನೂ ಈಚೆಗೆ, 2013ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಚುವಲಾರ್ ಬಳಿ ಕಂಡ ಬಹು ಸಂಕೀರ್ಣ ಆಕೃತಿಯೊಂದರಲ್ಲಿ 192 ಎಂಬ ಸಂಖ್ಯೆ ಬ್ರೈಲ್ ಲಿಪಿಯಲ್ಲಿತ್ತು. ಅದು ಎನ್ವಿಡಿಯಾ ಕಂಪನಿಯ ಹೊಸ ಚಿಪ್‌ನ ಪ್ರಚಾರವೆಂದು ಕೆಲವೇ ದಿನಗಳಲ್ಲಿ ಕಂಪನಿಯೇ ತಿಳಿಸಿತು.

ಇದಕ್ಕೆ ಗುರುಗಳು ಎತ್ತಿದ ಆಕ್ಷೇಪ ತರ್ಕಬದ್ಧವಾಗಿತ್ತು. ಕೆಲವನ್ನು ಮನುಷ್ಯರು ಮಾಡಿದರೆಂದ ಮಾತ್ರಕ್ಕೆ ಎಲ್ಲವನ್ನೂ ಅವರೇ ಮಾಡಿದರೆಂದು ಆಗುವುದಿಲ್ಲ ಎಂದರು. 2001ರಲ್ಲಿ ಮಿಲ್ಕ್ ಹಿಲ್‌ನಲ್ಲಿ ಕಂಡ 409 ವೃತ್ತಗಳ ಸುರುಳಿಯನ್ನು ಮುಂದಿಟ್ಟರು. ಇದನ್ನು ತಳ್ಳಿಹಾಕಲು ನಾವು ಹೋಗಲಿಲ್ಲ. ಯಾರು ಮಾಡಿದರು ಎಂಬುದನ್ನು ಬದಿಗಿಟ್ಟು, ಇಂಥ ಆಕೃತಿಗಳಲ್ಲಿ ಏನು ಬರೆದಿದೆ ಎಂದು ಕೇಳಿದೆವು. ಪೈ ಸಂಖ್ಯೆಯ ಮೊದಲ ಹತ್ತು ಅಂಕಿಗಳನ್ನು 2008ರಲ್ಲಿ ಬಾರ್‌ಬರಿ ಕ್ಯಾಸಲ್ ಬಳಿ ಬರೆಯಲಾಯಿತು. ಅವು ನಮ್ಮ ಶಾಲೆಯ ಪಠ್ಯದಲ್ಲಿವೆ. ಗ್ರಹಗಳ ನಕ್ಷೆ, ಅರೆಸಿಬೊದ ಆಯತ, ಆಸ್ಕಿ, ಎಲ್ಲವೂ ಬರೆಯುವ ಹೊತ್ತಿಗೆ ಮನುಷ್ಯರಿಗೆ ತಿಳಿದಿದ್ದವೇ. ಟ್ರ್ಯಾಪಿಸ್ಟ್-1 ಎಂಬ ನಕ್ಷತ್ರಕ್ಕೆ ಏಳು ಗ್ರಹಗಳಿರುವುದು ಲೋಕಕ್ಕೆ ತಿಳಿದದ್ದು 2017ರಲ್ಲಿ. ಅವುಗಳ ಪರಿಭ್ರಮಣ ಕಾಲವನ್ನು 2001ರ ಯಾವುದೇ ಗೋಧಿ ಹೊಲ ಬರೆದಿಟ್ಟಿದ್ದರೆ ಇಂದು ಜಗತ್ತಿನ ಪ್ರತಿಯೊಬ್ಬ ಖಗೋಳವಿಜ್ಞಾನಿ ವಿಲ್ಟ್‌ಶೈರಿಗೆ ಹೋಗುತ್ತಿದ್ದ. ನಾನು ಓದಿದ ಯಾವ ಆಕೃತಿಯಲ್ಲೂ ಆ ಕಾಲದ ಮನುಷ್ಯನ ತಿಳಿವಳಿಕೆಯನ್ನು ದಾಟಿದ ಒಂದು ಅಂಕಿಯೂ ಇಲ್ಲ. ಗುರುಗಳು ಈ ಮಾತನ್ನು ಬಹಳ ಹೊತ್ತು ಯೋಚಿಸಿದರು; ಮಿಲ್ಕ್ ಹಿಲ್ ಬಗ್ಗೆ ತಮ್ಮ ಅಭಿಪ್ರಾಯವನ್ನು ಮಾತ್ರ ಬದಲಿಸಲಿಲ್ಲ, ಇಂದಿಗೂ ಬದಲಿಸಿಲ್ಲ.

ನಕ್ಷೆಯ ಹೊಂದಾಣಿಕೆ

ಡ್ರೋನ್ ಚಿತ್ರವನ್ನೇ ನಕ್ಷೆಯೆಂದು ತೆಗೆದುಕೊಂಡದ್ದರಿಂದ ಹಲವು ತೊಡಕುಗಳಾಗಿದ್ದವು. ಕ್ಯಾಮೆರಾ ಓರೆಯಾಗಿದ್ದುದರಿಂದ ಹತ್ತಿರದ ವೃತ್ತಗಳು ದೊಡ್ಡದಾಗಿಯೂ ದೂರದವು ಚಿಕ್ಕದಾಗಿಯೂ ಕಂಡಿದ್ದವು. ಟೇಪು ಹಿಡಿದು ಅಳೆದಾಗ ಏಳೂ ವೃತ್ತಗಳ ಅಡ್ಡಳತೆ ಎಂಟರಿಂದ ಹನ್ನೊಂದು ಮೀಟರಿನೊಳಗೆ ಇತ್ತು, ಮತ್ತು ಚಿತ್ರದಲ್ಲಿ ಆಲ್ಸಿಯೋನ್ ಎನಿಸಿಕೊಂಡದ್ದು ನೆಲದ ಮೇಲೆ ಅತಿ ದೊಡ್ಡದಾಗಿರಲಿಲ್ಲ. ಚಿತ್ರದ ಮೇಲ್ಭಾಗವನ್ನು ಉತ್ತರವೆಂದು ಭಾವಿಸಲಾಗಿತ್ತು. ದಿಕ್ಸೂಚಿ ಇಟ್ಟು ನೋಡಿದರೆ ಅದು ಉತ್ತರವಲ್ಲ. ನಮ್ಮ ಅಕ್ಷಾಂಶದಲ್ಲಿ ಕೃತ್ತಿಕೆ ಮೂಡುವುದು ನೇರ ಪೂರ್ವದಿಂದ ಸುಮಾರು 25 ಡಿಗ್ರಿ ಉತ್ತರಕ್ಕೆ. ಒರಗಿದ ಪಟ್ಟಿ ಆ ದಿಕ್ಕಿಗೆ ಮುಖಮಾಡದೆ ಊರಿನ ಹಳೆಯ ಅಗಸಿ ಬಾಗಿಲಿನ ಕಡೆಗೆ ಹೋಗಿತ್ತು.

ಇನ್ನೊಂದು ಸೂಕ್ಷ್ಮವಿದೆ, ಆಕಾಶ ನೋಡುವ ಅಭ್ಯಾಸವಿದ್ದವರಿಗೆ ಅದು ತಕ್ಷಣ ತಿಳಿಯುತ್ತದೆ. ಉತ್ತರವನ್ನು ಮೇಲಿಟ್ಟು ಆಕಾಶದ ನಕ್ಷೆ ಬರೆದರೆ ಪೂರ್ವ ಎಡಗಡೆಗೆ ಬರುತ್ತದೆ, ನೆಲದ ನಕ್ಷೆಯಲ್ಲಿ ಬಲಗಡೆಗೆ ಬರುತ್ತದೆ, ಏಕೆಂದರೆ ಒಂದನ್ನು ತಲೆಯೆತ್ತಿ ನೋಡುತ್ತೇವೆ, ಇನ್ನೊಂದನ್ನು ಮೇಲಿನಿಂದ ಬಾಗಿ ನೋಡುತ್ತೇವೆ. ಸಂದೇಶ ಬರೆದವರು ಇವೆರಡರಲ್ಲಿ ಯಾವುದನ್ನು ಅನುಸರಿಸಿದರು ಎಂಬುದು ಮೊದಲೇ ತಿಳಿದಿರಬೇಕು. ತಿಳಿಯದಿದ್ದಾಗ ಓದುಗ ಎರಡನ್ನೂ ಪ್ರಯತ್ನಿಸಿ ಹೊಂದಿದ್ದನ್ನು ಇಟ್ಟುಕೊಳ್ಳುತ್ತಾನೆ. ನಕ್ಷೆಯನ್ನು ತಿರುಗಿಸುವ, ಹಿಗ್ಗಿಸುವ, ಕುಗ್ಗಿಸುವ ಸ್ವಾತಂತ್ರ್ಯವಿದ್ದರೆ ಯಾವ ಎರಡು ಬಿಂದುಗಳನ್ನು ಬೇಕಾದರೂ ಯಾವ ಎರಡು ನಕ್ಷತ್ರಗಳ ಮೇಲೆ ಬೇಕಾದರೂ ಕೂಡಿಸಬಹುದು. ಏಳರಲ್ಲಿ ನಿಜವಾಗಿ ಸಾಕ್ಷ್ಯ ನುಡಿಯಬಲ್ಲವು ಉಳಿದ ಐದು ಮಾತ್ರ. ಅವುಗಳಿಗೂ ಅಷ್ಟಿಷ್ಟು ರಿಯಾಯಿತಿ ಕೊಟ್ಟು, ಪಂಚಾಂಗದ 27 ನಕ್ಷತ್ರಗಳು ಮತ್ತು ಆಕಾಶದ 88 ತಾರಾಪುಂಜಗಳ ನಡುವೆ ಹುಡುಕುವ ಅವಕಾಶ ಕೊಟ್ಟರೆ, ಏನೂ ಹೊಂದದಿರುವುದೇ ಅಪರೂಪ.

ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲೆಂದು, ಅದೇ ಹೊಲದ ಏಳು ಜೋಳದ ಕಾಳುಗಳನ್ನು ಬಿಳಿ ಹಾಳೆಯ ಮೇಲೆ ಚೆಲ್ಲಿ, ಬಿದ್ದ ಜಾಗಗಳಿಗೆ ಚುಕ್ಕಿಯಿಟ್ಟು, ಹೀಗೆ ಹಲವು ಹಾಳೆಗಳನ್ನು ಸಿದ್ಧಪಡಿಸಿದೆವು. ಅವುಗಳ ನಡುವೆ ಹೊಲದ ನಿಜವಾದ ನಕ್ಷೆಯನ್ನೂ ಸೇರಿಸಿ, ಯಾವುದು ಯಾವುದೆಂದು ಹೇಳದೆ ಗುರುಗಳಿಗೂ ಆಕಾಶ ಬಲ್ಲ ಕೆಲವು ಕಾಲೇಜು ವಿದ್ಯಾರ್ಥಿಗಳಿಗೂ ಕೊಟ್ಟೆವು. ಹೊಲದ ನಕ್ಷೆಯಲ್ಲಿ ಒಬ್ಬರು ಸಪ್ತರ್ಷಿಯನ್ನು ಕಂಡರು, ಇನ್ನೊಬ್ಬರು ವೃಶ್ಚಿಕದ ಬಾಲವನ್ನು ಕಂಡರು. ಗುರುಗಳು ಕೃತ್ತಿಕೆಯನ್ನು ಗುರುತಿಸಿದ್ದು ಕಾಳು ಚೆಲ್ಲಿದ ಒಂದು ಹಾಳೆಯಲ್ಲಿ. ಫಲಿತಾಂಶ ತಿಳಿದಾಗ ಅವರು ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಾಗ ಕೃತ್ತಿಕಾ ಖರೇನ ಕಾಣಾಕತ್ತದ. ಅಂದ್ರ ಹೊಂದೋದೊಂದ ಸಾಕಾಗೂದಿಲ್ಲ" ಎಂದರು. ಈ ಇಡೀ ಅಧ್ಯಯನದಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸಿದ ಮಾತು ಅದು. ತಾನು ನಂಬಿದ್ದನ್ನು ಪರೀಕ್ಷೆಗೆ ಒಡ್ಡಿ, ಫಲಿತಾಂಶವನ್ನು ಎಲ್ಲರೆದುರು ಓದುವ ಧೈರ್ಯ ಎಷ್ಟೋ ಪದವಿಗಳನ್ನು ಪಡೆದವರಲ್ಲಿಯೂ ಸುಲಭವಾಗಿ ಸಿಗುವುದಿಲ್ಲ.

ಕೃತ್ತಿಕೆಯ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಆ ಪುಂಜ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿದೆ, ವಯಸ್ಸು ಸುಮಾರು ಹತ್ತು ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ನಮ್ಮಲ್ಲಿ ಜೀವ ಕಾಣಿಸಿಕೊಂಡು ಬರಹದವರೆಗೆ ಬರಲು ಹಿಡಿದ ಕಾಲವನ್ನು ನೆನೆದರೆ, ಇನ್ನೂ ಎಳೆಯದಾದ ಆ ನೀಲಿ ನಕ್ಷತ್ರಗಳ ಸುತ್ತ ಪತ್ರ ಬರೆಯುವ ನಾಗರಿಕತೆಯನ್ನು ನಿರೀಕ್ಷಿಸುವುದು ಬಹಳ ಕಷ್ಟ.

ಹೊಲದಲ್ಲಿ ಸಿಕ್ಕದ್ದು

ಇಂಗ್ಲೆಂಡಿನ ವೃತ್ತಗಳಲ್ಲಿ ಕಾಂಡಗಳು ಸಾಮಾನ್ಯವಾಗಿ ಒಂದೇ ಸುತ್ತಿನಲ್ಲಿ, ಹೆಣೆದಂತೆ ಮಲಗಿರುತ್ತವೆ. ಗಾಳಿಗೆ ಬಿದ್ದ ಬೆಳೆ ಒಂದೇ ದಿಕ್ಕಿಗೆ ಬಿದ್ದಿರುತ್ತದೆ. ಇಲ್ಲಿ ಎರಡೂ ಇರಲಿಲ್ಲ. ದಂಟುಗಳು ಮನಬಂದ ಕಡೆಗೆ ಬಿದ್ದಿದ್ದವು, ಮತ್ತು ಬಹುತೇಕ ಎಲ್ಲವೂ ಬುಡದ ಮೊದಲೆರಡು ಗಿಣ್ಣುಗಳ ಹತ್ತಿರವೇ ಮುರಿದಿದ್ದವು. ಸಸ್ಯರೋಗಶಾಸ್ತ್ರ ಓದಿದ ನಮ್ಮ ಸ್ನೇಹಿತರೊಬ್ಬರು ಒಂದು ದಂಟನ್ನು ಬೆರಳುಗಳ ನಡುವೆ ಒತ್ತಿದರು, ಅದು ಟೊಳ್ಳಾಗಿ ಕುಸಿಯಿತು. ಸೀಳಿದಾಗ ಒಳಗಿನ ತಿರುಳು ಕರಗಿಹೋಗಿ ನಾರುಗಳು ಮಾತ್ರ ಉಳಿದಿದ್ದವು. ನಾರಿನ ಮೇಲೆಲ್ಲ ಸಣ್ಣ ಕಪ್ಪು ಕಣಗಳು ಮೆತ್ತಿದ್ದವು. ಹಿಂಗಾರಿ ಜೋಳ ಬೆಳೆಯುವ ನಮ್ಮ ಸೀಮೆಗೆ ಇದು ಹೊಸದಲ್ಲ. ಮ್ಯಾಕ್ರೊಫೊಮಿನಾ ಎಂಬ ಮಣ್ಣಿನ ಶಿಲೀಂಧ್ರದಿಂದ ಬರುವ ಕಾಂಡಕೊಳೆ ಅದು. ಕಾಳು ಕಟ್ಟುವ ಹೊತ್ತಿನಲ್ಲಿ ನೆಲದ ತೇವ ಆರಿ, ಮಣ್ಣು ಕಾದಾಗ ಗಿಡ ತನ್ನ ದಂಟಿನ ಸತ್ವವನ್ನೇ ತೆನೆಗೆ ಕೊಡಲಾರಂಭಿಸುತ್ತದೆ. ಆ ದುರ್ಬಲ ಗಳಿಗೆಯಲ್ಲಿ ಶಿಲೀಂಧ್ರ ಬೇರಿನಿಂದ ಮೇಲೇರಿ ದಂಟನ್ನು ಕೊರೆಯುತ್ತದೆ.

ಒರಗಿದ ಗಿಡಗಳ ಗಿಣ್ಣು ಉದ್ದವಾಗಿರುವುದನ್ನು ಅಲೌಕಿಕ ಶಕ್ತಿಯ ಸಾಕ್ಷ್ಯವೆಂದು ವೃತ್ತಗಳ ಅಭ್ಯಾಸಿಗಳು ಉಲ್ಲೇಖಿಸುವುದುಂಟು. ಜೀವಂತ ಕಾಂಡವನ್ನು ಮಲಗಿಸಿದರೆ ಅದು ಮತ್ತೆ ಮೇಲೇಳಲು ಗಿಣ್ಣಿನ ಕೆಳಬದಿಯನ್ನು ಉದ್ದ ಮಾಡಿಕೊಳ್ಳುತ್ತದೆ. ಇದು ಹುಲ್ಲಿನ ಜಾತಿಯ ಸಹಜ ಗುಣ. ನಮ್ಮ ಹೊಲದಲ್ಲಿ ವೃತ್ತದೊಳಗಿನ ದಂಟುಗಳು ಸತ್ತಿದ್ದರಿಂದ ಬಾಗಿರಲಿಲ್ಲ. ಜನ ತುಳಿದ ದಾರಿಯಲ್ಲಿ ಬಿದ್ದ ಹಸಿರು ದಂಟುಗಳು ಆಗಲೇ ಗಿಣ್ಣು ಬಾಗಿಸಿ ತಲೆಯೆತ್ತುತ್ತಿದ್ದವು.

ರೋಗ ಸರಿ, ಆದರೆ ಅದು ದುಂಡಾಗಿ ಏಕೆ, ಏಳೇ ಕಡೆ ಏಕೆ? ಈ ಪ್ರಶ್ನೆಯನ್ನು ಗುರುಗಳೇ ಎತ್ತಿದರು, ಅದು ಪ್ರಕರಣದ ಕೀಲಿಯೂ ಆಯಿತು. ಗುದ್ದಲಿಯಿಂದ ವೃತ್ತದ ಒಳಗೂ ಹೊರಗೂ ತೋಡಿ ನೋಡಿದೆವು. ಹೊರಗೆ ಮೊಣಕಾಲಾಳದಲ್ಲಿ ಇನ್ನೂ ತಂಪಾದ ಕಪ್ಪು ಎರೆ; ಒಳಗೆ ಒಂದು ಗೇಣಿನ ಕೆಳಗೇ ಗರಸು ಬೆರೆತ ಗಟ್ಟಿ ಪದರು, ಒಣಗಿ ಕಲ್ಲಾಗಿತ್ತು, ಬೇರುಗಳು ಅದರ ಮೇಲೆಯೇ ಅಡ್ಡ ಹರಡಿದ್ದವು. ಆ ಗರಸು ಆ ಹೊಲದ್ದಲ್ಲ, ಯಾರೋ ಹೊರಗಿನಿಂದ ತಂದು ಹಾಕಿದ್ದು. ಅಷ್ಟರಲ್ಲಿ ಊಟದ ಬುತ್ತಿ ತಂದಿದ್ದ ಯಜಮಾನರ ಅಜ್ಜಿ, ನಮ್ಮ ತೋಡುವಿಕೆಯನ್ನು ನೋಡುತ್ತ ನಿಂತವರು, "ಅಲ್ಲೆ ಏನ್ ಹುಡುಕ್ತೀರಪಾ, ಅವು ಕಣದ ಜಾಗ. ನಾ ಲಗ್ನಾಗಿ ಬಂದಾಗ ಏಳ್ ಮನಿತನದವರ ಕಣ ಇಲ್ಲೇ ಇದ್ದುವು. ಅಗಸಿಂದ ಬಂಡಿ ಬರೂ ದಾರಿ ಅದ" ಎಂದು ಒರಗಿದ ಪಟ್ಟಿಯ ಕಡೆಗೆ ಕೈ ತೋರಿಸಿದರು.

ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲೆ ತೆನೆ ಒಕ್ಕುವ ಕಣ ಮಾಡಿದರೆ ಕಾಳು ಬಿರುಕಿಗೆ ಹೋಗುತ್ತದೆ. ಅದಕ್ಕಾಗಿ ಆ ಊರಿನಲ್ಲಿ ಗರಸು ಹಾಕಿ, ನೀರು ಚಿಮುಕಿಸಿ, ಬಡಿದು, ಸೆಗಣಿ ಸಾರಿಸಿ ಕಣ ಮಾಡುತ್ತಿದ್ದರಂತೆ. ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ಹಂತಿ ಹೊಡೆಯುತ್ತಿದ್ದರು, ಇರುಳೆಲ್ಲ ಹಂತಿಯ ಹಾಡು ಕೇಳುತ್ತಿತ್ತು ಎಂದು ಅಜ್ಜಿ ಒಂದೆರಡು ನುಡಿ ಹಾಡಿಯೂ ತೋರಿಸಿದರು. ಮೇಟಿಯ ಸುತ್ತ ಎತ್ತು ತಿರುಗುವ ನೆಲ ದುಂಡಾಗಿಯೇ ಇರಬೇಕು. ಒಕ್ಕುವ ಯಂತ್ರ ಬಂದ ಮೇಲೆ ಕಣಗಳ ಕೆಲಸ ಮುಗಿಯಿತು, ಟ್ರ್ಯಾಕ್ಟರಿನಿಂದ ಉತ್ತು ಹೊಲ ಮಾಡಿಕೊಂಡರು. ಮಳೆ ಚೆನ್ನಾದ ವರ್ಷಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಸಲ ಹಿಂಗಾರಿ ಮಳೆ ಬೇಗ ನಿಂತಿತು, ತೇವ ಹಿಡಿಯದ ಆ ಏಳು ತಾಣಗಳಲ್ಲಿ ಮತ್ತು ಬಂಡಿಯ ದಾರಿಯಲ್ಲಿ ಗಿಡ ಮೊದಲು ಬಾಯಾರಿತು, ಅಲ್ಲಿಯೇ ರೋಗ ಹಿಡಿಯಿತು. ಹೂತುಹೋದ ಗೋಡೆ, ಹಳ್ಳ, ತಗ್ಗುಗಳ ಮೇಲೆ ಬೆಳೆ ಬೇರೆಯಾಗಿ ಬೆಳೆದು ಆಕಾಶದಿಂದ ಗುರುತಾಗುವುದನ್ನು ಪುರಾತತ್ವಜ್ಞರು ದೀರ್ಘಕಾಲದಿಂದ ಬಳಸಿಕೊಂಡಿದ್ದಾರೆ. ವಿಲ್ಟ್‌ಶೈರಿನ ಎಷ್ಟೋ ಪ್ರಾಚೀನ ನೆಲೆಗಳು ಹಾಗೆಯೇ ಬೆಳಕಿಗೆ ಬಂದವು.

ನಕ್ಷತ್ರ ಓದುವುದೇ ತಪ್ಪೆಂಬ ಭಾವನೆ ಊರಿನಲ್ಲಿ ಹುಟ್ಟಬಾರದೆಂದು ಯಜಮಾನರ ಜೊತೆ ಒಂದು ವಿಷಯ ಮಾತಾಡಿದೆವು. ಅವರು ಜೋಳ ಬಿತ್ತುವುದು ಉತ್ತರಿ, ಹಸ್ತ, ಚಿತ್ತಿ ಮಳೆಗಳ ಲೆಕ್ಕದಲ್ಲಿ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೆಂಬುದೇ ಆ ಮಳೆಯ ಹೆಸರು. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಅದು ನಿಜವಾದ ಆಕಾಶ ಲಿಪಿ, ಏಕೆಂದರೆ ಅದರ ನಿಯಮ ಮಳೆಗೆ ಮೊದಲೇ ಎಲ್ಲರಿಗೂ ಗೊತ್ತಿದೆ, ಯಾರು ಓದಿದರೂ ಅದೇ ದಿನ ಬರುತ್ತದೆ. ಬೇರೆ ಲೋಕದ ಜೀವವನ್ನು ಹುಡುಕುವ ವಿಜ್ಞಾನವೂ ಇದೇ ಶಿಸ್ತನ್ನು ಪಾಲಿಸುತ್ತದೆ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ ನಮಗೆ ಅತಿ ಹತ್ತಿರದ ಪ್ರಾಕ್ಸಿಮಾ ನಕ್ಷತ್ರದ ದಿಕ್ಕಿನಿಂದ ವಿಚಿತ್ರ ಸಂಕೇತವೊಂದನ್ನು ಹಿಡಿಯಿತು. ಆ ತಂಡಕ್ಕಿಂತ ಹೆಚ್ಚಾಗಿ ಅದು ನಿಜವಾಗಲೆಂದು ಬಯಸಿದವರಿರಲಾರರು. ಆದರೂ ಅವರೇ ಕೂತು ಪರಿಶೀಲಿಸಿ, ಅದು ಮನುಷ್ಯರ ಉಪಕರಣಗಳಿಂದ ಬಂದ ರೇಡಿಯೊ ಗದ್ದಲವೆಂದು 2021ರಲ್ಲಿ ಪ್ರಕಟಿಸಿದರು.

ಮುಂದಿನ ಹಿಂಗಾರಿಗೆ ಬರೆದಿಟ್ಟದ್ದು

ಕಡಲೆಗೆ ಬದಲಾಯಿಸಿದರೆ ಸಾಕೇ ಎಂದು ಯಜಮಾನರು ಕೇಳಿದರು. ಅದೇ ಶಿಲೀಂಧ್ರ ಕಡಲೆಯ ಬೇರನ್ನೂ ಕೊಳೆಸುವುದರಿಂದ ಅಷ್ಟರಿಂದ ನೆಲದ ತೊಂದರೆ ತೀರುವುದಿಲ್ಲ. ಬೀಜದ ಪ್ರಮಾಣ ಇಳಿಸಿ ಗಿಡಗಳ ನಡುವೆ ಅಂತರ ಕೊಡುವುದು, ಯೂರಿಯಾ ಹೆಚ್ಚು ಹಾಕದಿರುವುದು, ಬದುಗಳನ್ನು ಸರಿಪಡಿಸಿ ಬಿದ್ದ ಮಳೆಯನ್ನು ಹೊಲದಲ್ಲೇ ಇಂಗಿಸುವುದು ಎಂಬ ಸಲಹೆಗಳನ್ನು ಅವರು ಒಪ್ಪಿದರು. ಬೇಸಿಗೆಯಲ್ಲಿ ಏಳು ಕಣಗಳಲ್ಲಿ ಎರಡನ್ನು ಅಗೆದು, ಗರಸು ತೆಗೆಸಿ, ಎರೆಮಣ್ಣು ಮತ್ತು ತಿಪ್ಪೆಗೊಬ್ಬರ ತುಂಬಿಸಿದ್ದಾರೆ. ಉಳಿದ ಐದನ್ನು ಖರ್ಚಿನ ಕಾರಣಕ್ಕೂ ಪರೀಕ್ಷೆಯ ಕಾರಣಕ್ಕೂ ಹಾಗೆಯೇ ಬಿಡಲಾಗಿದೆ.

ಬಿತ್ತನೆಗೆ ಮೊದಲೇ ಒಂದು ಹಾಳೆಯ ಮೇಲೆ ಇಬ್ಬರ ಮಾತನ್ನೂ ಬರೆದು ಸಹಿ ಮಾಡಿದ್ದೇವೆ. ಮಳೆ ಮತ್ತೆ ಬೇಗ ನಿಂತರೆ ಆ ಐದು ತಾಣಗಳಲ್ಲಿ ಜೋಳ ಒರಗುತ್ತದೆ, ಅಗೆಸಿದ ಎರಡರಲ್ಲಿ ನಿಲ್ಲುತ್ತದೆ ಎಂಬುದು ನಮ್ಮ ಬರಹ. ಸಂದೇಶ ಬರೆದವರು ಮುಂದುವರಿಸುವುದಾದರೆ ಹೊಸ ಜಾಗದಲ್ಲಿ, ಕಣಗಳಿಗೆ ಸಂಬಂಧವಿಲ್ಲದ ಬೇರೆ ಆಕೃತಿ ಮೂಡಬೇಕು, ಇಲ್ಲವಾದರೆ ಈ ಹೊಲದ ಬಗ್ಗೆ ತಮ್ಮ ಓದನ್ನು ಹಿಂತೆಗೆದುಕೊಳ್ಳುವುದಾಗಿ ಗುರುಗಳು ಬರೆದಿದ್ದಾರೆ. ಮಳೆ ಚೆನ್ನಾಗಿ ಆಗಿ ಎಲ್ಲಿಯೂ ಬೆಳೆ ಬೀಳದಿದ್ದರೆ ಆ ವರ್ಷ ಯಾರ ಪರವಾಗಿಯೂ ಲೆಕ್ಕಕ್ಕೆ ಬರುವುದಿಲ್ಲ. ಹಾಳೆಯ ಕೆಳಗೆ ಯಜಮಾನರು ತಮ್ಮ ಷರತ್ತನ್ನೂ ಸೇರಿಸಿದ್ದಾರೆ: ಡ್ರೋನ್ ಹಾರಿಸುವುದು ಕಾಳು ಹಾಲುಗಟ್ಟಿದ ಮೇಲೆ ಮಾತ್ರ, ಕ್ಯಾಮೆರಾ ನೇರ ಕೆಳಮುಖವಾಗಿರಬೇಕು, ಹೊಲದ ನಾಲ್ಕು ಮೂಲೆಗೆ ಬಿಳಿ ಬಟ್ಟೆಯ ಗುರುತು ಇಡಬೇಕು, ನೋಡಬಂದವರು ಬದುವಿನ ಮೇಲೆಯೇ ನಿಲ್ಲಬೇಕು.